ತೊದೋಸಿಯಾ ಕೂರಬೇಕಾದ ಮೇಜು

ಗವ್ರಿಲಾ ಮನೆಗಳನ್ನು ಕೊಂಡು ಮೇಜು ಮಾಡುತ್ತಾನೆ. ಈಜಾ ಹೊಳೆಯ ಕಣಿವೆಯಲ್ಲಿ ಓಕ್ ದಿಮ್ಮಿಯ ಹಳೇ ಮನೆಗಳಿಗೆ ಈಗ ಉಳಿದಿರುವುದು ಅದೊಂದೇ ಗತಿ. ನಮ್ಮೂರಿನವರು ಮೂರು ಅಂತಸ್ತಿನ ಇಟ್ಟಿಗೆ ಮನೆ ಎಬ್ಬಿಸಿ, ಕೆಳಗಿನ ಅಡುಗೆಕೋಣೆಯೊಂದರಲ್ಲೇ ಬದುಕುತ್ತಾರೆ. ಹಿಂದೆ ನಿಂತ ಮರದ ಮನೆಯನ್ನು ಗವ್ರಿಲಾನಿಗೆ ಕೊಟ್ಟುಬಿಡುತ್ತಾರೆ. ಅವನು ಅದನ್ನು ಬಿಚ್ಚಿ, ಕೊಯ್ದು, ಮೊಣಕಾಲೆತ್ತರದ ಮೂರು ಕಾಲಿನ ದುಂಡು ಮೇಜುಗಳನ್ನಾಗಿ ಮಾಡಿ ಪಟ್ಟಣಕ್ಕೆ ಕಳಿಸುತ್ತಾನೆ. ಇಂಥ ಮನೆಯಲ್ಲಿ ಒಂದು ರಾತ್ರಿ ಮಲಗಲು ಒಪ್ಪದ ಜನ ಅದರ ಒಂದು ಚೂರಿನ ಮೇಲೆ ಕಾಫಿ ಇಟ್ಟುಕೊಳ್ಳಲು ಹಾತೊರೆಯುತ್ತಾರೆ. ಇನ್ನೂರು ವರ್ಷದ ಮರ ಎಂದು ಗವ್ರಿಲಾ ಅವರಿಗೆ ಹೇಳುತ್ತಾನೆ. ಸುಳ್ಳಲ್ಲ. ಅದರಲ್ಲಿ ನೂರಾನಲವತ್ತು ವರ್ಷ ಮರ ಕಾಡಿನಲ್ಲೇ ನಿಂತಿತ್ತು ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಕೈ ಒಳ್ಳೆಯದು ಅವನದು. ಹಳೇ ಓಕ್ ಅಂದರೆ ಕೊಂಬಿನಷ್ಟು ಗಟ್ಟಿ. ಗರಗಸದ ಹಲ್ಲು ತಿನ್ನುತ್ತದೆ. ಮನೆ ಬಿಚ್ಚಿದ ದಿನವೇ ಅವನು ದಿಮ್ಮಿಯ ಮೇಲೆಲ್ಲ ಅಯಸ್ಕಾಂತ ಆಡಿಸಿ, ಮೊಳೆ, ಕೊಕ್ಕೆ, ಮುರಿದ ಸೂಜಿಯ ತನಕ ಕಿತ್ತು ತೆಗೆಯುತ್ತಾನೆ. ಕಬ್ಬಿಣ ಹೋದರೂ ಅದರ ಕಲೆ ಹೋಗುವುದಿಲ್ಲ. ಓಕ್ ಮರಕ್ಕೆ ಕಬ್ಬಿಣ ತಾಗಿದಲ್ಲಿ ಮಸಿಯಂಥ ಕಪ್ಪು ಒಳತನಕ ಇಳಿದಿರುತ್ತದೆ. ಎಷ್ಟು ಹತ್ತರಿ ಹೊಡೆದರೂ ಹೊಸ ಕಪ್ಪೇ ಮೇಲೆ ಬರುತ್ತದೆ. ಕಾಲುಗಳಿಗೆ ಅವನು ಅಂಟು ಹಾಕುವುದಿಲ್ಲ. ಹಲಗೆಯಲ್ಲಿ ಮೂರು ತೂತು ಕೊರೆದು, ಕಾಲಿನ ತುದಿಯನ್ನು ಅದರಲ್ಲಿ ತೂರಿಸಿ, ಮೇಲಿನಿಂದ ಬೆಣೆ ಹೊಡೆದರೆ ಮುಗಿಯಿತು. ಅಂಥ ಮೇಜಿನ ಮೇಲೆ ಮದುವೆಗಳಲ್ಲಿ ಜನ ಹತ್ತಿ ಕುಣಿದಿದ್ದಾರೆ. ಮೇಜಿಗೇನೂ ಆಗಿಲ್ಲ.

ಪಟ್ಟಣದವರಿಗೆ ಮೇಜು ಕಾಫಿಗೆ. ನಮಗೆ ಅದರಿಂದ ಇನ್ನೊಂದು ಕೆಲಸವಿದೆ. ಸತ್ತವರ ಹೆಸರಿನಲ್ಲಿ ನಾವು ಒಂದು ಪುಟ್ಟ ಮೇಜು ಕೊಡುತ್ತೇವೆ: ಮೇಲೆ ತಟ್ಟೆ, ಚಮಚ, ಲೋಟ, ಬ್ರೆಡ್ಡು, ಹಚ್ಚಿದ ಮೇಣದಬತ್ತಿ. ನೆರೆಯವರು ಯಾರಾದರೂ ಅದನ್ನು ತೆಗೆದುಕೊಂಡು, ದೇವರು ಅವರನ್ನು ಮನ್ನಿಸಲಿ ಎಂದು ಹೇಳಿ, ಅದರಲ್ಲೇ ಉಣ್ಣಬೇಕು. ಇಲ್ಲಿ ಕೊಟ್ಟ ಮೇಜು ಅಲ್ಲಿ ಸಿಗುತ್ತದೆ. ಯಾರ ಹೆಸರಿನಲ್ಲಿ ಮೇಜು ಕೊಟ್ಟಿಲ್ಲವೋ ಅವರು ಅಲ್ಲಿ ನಿಂತುಕೊಂಡೇ ಉಣ್ಣಬೇಕು, ಲೋಕ ಮುಗಿಯುವ ತನಕ. ಪಾದ್ರಿಗಳು ಇದು ಪುಸ್ತಕದಲ್ಲಿಲ್ಲ ಎನ್ನುತ್ತಾರೆ. ಅವರ ತಾಯಿ ತೀರಿಕೊಂಡಾಗ ಅವರೂ ಒಂದು ಮೇಜು ಕೊಟ್ಟರು.

ಕೊಡಲು ಹಿಂದೆ ಯಾರೂ ಇಲ್ಲದವರು ಬದುಕಿರುವಾಗಲೇ ತಮ್ಮ ಮೇಜನ್ನು ತಾವೇ ಕೊಟ್ಟುಬಿಡುವುದುಂಟು. ತೊದೋಸಿಯಾ ಹಾಗೆ ಕೊಡಲು ಹೊರಟವಳು. ಆಗ ಅವಳಿಗೆ ಎಂಬತ್ತೊಂದು ವರ್ಷ. ಗಂಡ ಗ್ರಿಗೊರೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ರಸ್ತೆಯ ಆಚೆ ಅವಳ ನಾದಿನಿ ಪಲಾಗಾಳ ಮನೆ. ಪಲಾಗಾಳಿಗೆ ಆರು ಮಕ್ಕಳು. ಅಣ್ಣತಂಗಿಯರ ಎರಡು ಮನೆಯನ್ನೂ ಅವರ ಅಪ್ಪ ಒಬ್ಬನೇ ಮೇಸ್ತ್ರಿಯಿಂದ, ಒಂದೇ ವರ್ಷ, ಒಂದೇ ಗುಡ್ಡದ ಮರ ಕಡಿಸಿ ಕಟ್ಟಿಸಿದ್ದ. ಎರಡರ ನಡುತೊಲೆಯ ಮೇಲೂ ಅದೇ ಕೆತ್ತನೆ: ದುಂಡು ಸೂರ್ಯ, ಶಿಲುಬೆ, ಇಸವಿ, ಕೆಳಗೆ ಗಂಡ ಹೆಂಡಿರ ಹೆಸರು. ಪಲಾಗಾಳ ತೊಲೆಯ ನಟ್ಟನಡುವೆ ಮಾತ್ರ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಕೊಕ್ಕೆಯಿತ್ತು, ತೊಟ್ಟಿಲು ತೂಗಲು. ಹದಿನಾರು ವರ್ಷ ಅದು ಖಾಲಿ ಇರಲಿಲ್ಲ. ಒಂದು ಈಸ್ಟರ್ ಹಬ್ಬದ ದಿನ ಗುಡಿಯ ಮುಂದೆ, ಊರೆಲ್ಲ ಕೇಳುವಂತೆ, ಪಲಾಗಾ ಹೇಳಿದ್ದಳು: "ಕೊಕ್ಕೆ ಬೇಕಾದ್ರೆ ನಂದು ತಗೊಂಡ್ಹೋಗಿ ಅತ್ತಿಗೆ. ನಿಮ್ಮನೇಲಿ ಹಂದಿ ತೊಡೆ ತೂಗುಹಾಕೋಕಾದ್ರೂ ಆಗುತ್ತೆ." ಅಲ್ಲಿಂದ ನಲವತ್ತು ವರ್ಷ ಅವರಿಬ್ಬರೂ ಮಾತಾಡಲಿಲ್ಲ. ಒಬ್ಬಳು ಬಾವಿಗೆ ಬಂದರೆ ಇನ್ನೊಬ್ಬಳು ಬಿಂದಿಗೆ ಇಳಿಸಿ ಕಾಯುತ್ತಿದ್ದಳು. ತೊದೋಸಿಯಾ ಮೇಜು ಕೊಡಲು ಹೊರಡುವುದಕ್ಕೆ ನಾಲ್ಕು ವರ್ಷ ಮೊದಲು ಪಲಾಗಾ ಒಂದು ಚಳಿಗಾಲದ ಬೆಳಿಗ್ಗೆ ಒಲೆಯ ಮುಂದೆಯೇ ತೀರಿಕೊಂಡಳು. ಹೊರದೇಶದಲ್ಲಿದ್ದ ಮಕ್ಕಳು ಎರಡು ದಿನಕ್ಕೆ ಬಂದು, ಬಾಡಿಗೆ ಛತ್ರದಲ್ಲಿ ಊಟ ಹಾಕಿಸಿ, ಮನೆಯನ್ನು ಗವ್ರಿಲಾನಿಗೆ ಕೊಟ್ಟು ಹೋದರು.

ಎರಡು ವರ್ಷದ ನಂತರ ತೊದೋಸಿಯಾಳೂ ಅಂಗಳದ ಇಟ್ಟಿಗೆಯ ಅಡುಗೆಕೋಣೆಗೆ ಸರಿದು, ತನ್ನ ಮರದ ಮನೆಯನ್ನು ಅವನಿಗೇ ಕೊಟ್ಟಳು, ಒಂದು ಕರಾರಿನ ಮೇಲೆ. ನಡುತೊಲೆಯನ್ನು ಮಾರಕೂಡದು. ಅವಳು ಹೇಳಿದ ದಿನ ಅದರಿಂದ ಅವಳ ಮೇಜು ಮಾಡಬೇಕು. ಅರವತ್ತು ವರ್ಷ ಅದರ ಕೆಳಗೆ ಉಂಡಿದ್ದೇನೆ, ಇನ್ನು ಮುಂದೆ ಅದರ ಮೇಲೆ ಉಣ್ಣುತ್ತೇನೆ ಎಂದಳು. ಗವ್ರಿಲಾ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಒಪ್ಪಿದ.

ಆಮೇಲೆ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅವಳು ಅವನ ಕೊಟ್ಟಿಗೆಗೆ ಹೋಗಿ, ತಾಡಪಾಲು ಸರಿಸಿ, ತೊಲೆಯ ಬೆನ್ನಿಗೆ ಗೆಣ್ಣಿನಿಂದ ಎರಡು ಬಾರಿ ಬಡಿದು, ಕಿವಿಗೊಟ್ಟು ಕೇಳಿ ಬರುತ್ತಿದ್ದಳು. ಗಟ್ಟಿಯಿದೆ ಎನ್ನುತ್ತಿದ್ದಳು. ಗವ್ರಿಲಾ ಗಟ್ಟಿಯಿದೆ ಲೇಲೆ ಎನ್ನುತ್ತಿದ್ದ. ದೊಡ್ಡ ಹೆಂಗಸರನ್ನು ನಾವು ಕರೆಯುವುದೇ ಹಾಗೆ, ಲೇಲೆ ಎಂದು. ತೊದೋಸಿಯಾಳ ಎದುರು ಆ ಮಾತು ಕೊಂಚ ಜೋರಾಗಿಯೇ ಬರುತ್ತಿತ್ತು.

ಆ ವರ್ಷದ ಪೆಂತೆಕೊಸ್ತ ಹಬ್ಬದ ಹಿಂದಿನ ಶನಿವಾರ, ಸತ್ತವರ ಶನಿವಾರ, ಮೇಜು ಕೊಡುವುದೆಂದು ನಿಶ್ಚಯವಾಯಿತು. ಅದಕ್ಕೆ ಎಂಟು ದಿನ ಮೊದಲು ಗವ್ರಿಲಾ ಗುಡಿಗೆ ಬಂದ. ನಾನು ಅಲ್ಲಿ ದಿಯಾಕ. ಪಾದ್ರಿಗಳು ಪೂಜೆ ಮಾಡುವಾಗ ಪಕ್ಕದಲ್ಲಿ ನಿಂತು ಹಾಡುವುದು, ಸತ್ತವರ ಹೆಸರಿನ ಚೀಟಿ ಓದುವುದು ನನ್ನ ಕೆಲಸ. ಮರಳಿನ ತಟ್ಟೆಯಿಂದ ಮೇಣದ ತುಂಡು ಆರಿಸುತ್ತಿದ್ದೆ. ಅವನು ಟೋಪಿ ತೆಗೆದು, ತಿರುಗಿಸಿ, ಮತ್ತೆ ಹಾಕಿಕೊಂಡು, ಗುಡಿಯೊಳಗಿದ್ದೇನೆಂದು ನೆನಪಾಗಿ ಮತ್ತೆ ತೆಗೆದ.

"ದಿಯಾಕ, ತೊಲೆ ತಿರುವಿ ಹಾಕ್ದೆ," ಅಂದ. "ಪಲಾಗಾ ಅಂತ ಇದೆ."

ನಡೆದದ್ದು ಇಷ್ಟು. ಶಿಲುಬೆ ಇರುವ ಮರವನ್ನು ಯಾರೂ ಮೇಲ್ಮುಖ ಇಡುವುದಿಲ್ಲ. ಕೋಳಿ ಅದರ ಮೇಲೆ ಕೂತು ಹೊಲಸು ಮಾಡಿದರೆ ಪಾಪ ಇಟ್ಟವನಿಗೆ. ಗವ್ರಿಲಾ ಭಕ್ತ, ಎರಡು ತೊಲೆಯನ್ನೂ ಕೆತ್ತನೆ ಕೆಳಗೆ ಮಾಡಿ ಪಕ್ಕಪಕ್ಕ ಮಲಗಿಸಿದ್ದ. ಗೋಡೆಯ ಕಡೆಯದು ತೊದೋಸಿಯಾಳದು, ಬಾಗಿಲ ಕಡೆಯದು ಪಲಾಗಾಳದು. ತೊದೋಸಿಯಾಳ ಮನೆ ಬಿಚ್ಚಿದ ತಿಂಗಳಲ್ಲೇ ಹೊಸ ಕೊಟ್ಟಿಗೆಗೆ ಎಲ್ಲ ಸಾಗಿಸುವಾಗ, ಬಾಗಿಲ ಕಡೆಯದು ಮೊದಲು ಹೊರಬಂದು ಮೊದಲು ಒಳಹೋಯಿತು, ಅಂದರೆ ಗೋಡೆಯ ಕಡೆಗೆ. ಅವನಿಗೆ ಅದು ಹೊಳೆಯಲಿಲ್ಲ; ಗೋಡೆಯ ಕಡೆಯದೇ ಇನ್ನೂ ತೊದೋಸಿಯಾಳದು ಎಂದುಕೊಂಡಿದ್ದ. ಬೆನ್ನು ನೋಡಿದರೆ ಎರಡೂ ಒಂದೇ. ಚಳಿಗಾಲದಲ್ಲಿ ಕ್ಲುಜ್ ಪಟ್ಟಣದ ವ್ಯಾಪಾರಿ ಬಂದು ಬಾಗಿಲ ಕಡೆಯದನ್ನು ಇಡಿಯಾಗಿ ಲಾರಿಗೆ ಹಾಕಿಸಿಕೊಂಡು ಹೋದ. ಅದು ತೊದೋಸಿಯಾಳದು. ಎರಡು ವರ್ಷ ಭಾನುವಾರ ಭಾನುವಾರ ಅವಳು ಬಡಿದು ಕೇಳುತ್ತಿದ್ದುದು ನಾದಿನಿಯ ತೊಲೆಯನ್ನು.

ವ್ಯಾಪಾರಿಗೆ ಫೋನ್ ಮಾಡಿದೆಯಾ ಎಂದು ಕೇಳಿದೆ. ಮಾಡಿದ್ದ. ತೊಲೆ ಮೇಜುಗಳಾಗಿ ಯಾವುದೋ ದೇಶದ ಯಾವುದೋ ಹೋಟೆಲಿಗೆ ಹೋಗಿಯಾಗಿತ್ತು. ಬೇರೆ ಮನೆಯ ಮರದಿಂದ ಮಾಡು ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಅವಳು ಬಣ್ಣ ನೋಡುತ್ತಾಳೆ, ಎಳೆ ನೋಡುತ್ತಾಳೆ, ಬಡಿದು ಕೇಳುತ್ತಾಳೆ. ಅದೇ ಗುಡ್ಡ, ಅದೇ ಹೊಗೆ, ಅವಳ ಕಿವಿಗೆ ರೂಢಿಯಾದ ಅದೇ ಸದ್ದು ಇರುವುದು ಲೋಕದಲ್ಲಿ ಒಂದೇ ತೊಲೆಗೆ.

"ಹಾಗಾದ್ರೆ ಹೋಗಿ ಹೇಳಿಬಿಡು," ಅಂದೆ.

"ಹೇಳಿದ್ರೆ ಈಗ ಕೊಲ್ತಾಳೆ. ಹೇಳದಿದ್ರೆ ಸತ್ತಮೇಲೆ ಬಂದು ಹಿಡ್ಕೋತಾಳೆ." ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದ. "ಅಷ್ಟರಲ್ಲಿ ಸ್ವಲ್ಪ ಟೈಮ್ ಆದ್ರೂ ಸಿಗುತ್ತೆ."

ನಾನು ಅವನನ್ನು ತಡೆಯಲಿಲ್ಲ. ಹೆಸರು ಓದುವವನು ನಾನಾದ್ದರಿಂದ, ಈ ಕೆಲಸದಲ್ಲಿ ಅರ್ಧ ಪಾಲು ನನ್ನದು. ಅವಳಿಗೆ ಗೊತ್ತಾಗದಿದ್ದರೆ ಏನು ನಷ್ಟ ಎಂದು ಹಗಲಿನಲ್ಲಿ ಅನ್ನಿಸುತ್ತಿತ್ತು. ಸಂಜೆಯಾದರೆ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತಿತ್ತು: ಆಚೆ ಲೋಕದಲ್ಲಿ ತೊದೋಸಿಯಾ ತನ್ನ ಮೇಜೆಂದು ಕೂತು ಬಟ್ಟೆ ಸರಿಸಿದರೆ, ಅಡಿಯಲ್ಲಿ ಆ ಕೊಕ್ಕೆಯ ಗುರುತು. ಎದ್ದು ಹೋಗಲು ಅಲ್ಲಿ ಬೇರೆ ಜಾಗವಿಲ್ಲ.

ಗುರುವಾರ ಅವನ ಕೊಟ್ಟಿಗೆಗೆ ಹೋದೆ. ತೊಲೆಯ ಎರಡು ತುದಿಯೂ ಗೋಡೆಯೊಳಗೆ ಕೂತು ಕೊಳೆತಿದ್ದವು; ಒಂದು ಕಡೆ ಹುಳು, ಇನ್ನೊಂದು ಕಡೆ ಮಾರುದ್ದದ ಬಿರುಕು. ಗಟ್ಟಿಯಿದ್ದದ್ದು ನಡುಭಾಗ ಮಾತ್ರ, ನಡುವಿನಲ್ಲೇ ಕೊಕ್ಕೆಯ ತೂತು. ಕೆತ್ತನೆಯನ್ನು ಅವನು ಸೀಳಿ ತೆಗೆದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಮೂರು ಹಲಗೆ ಜೋಡಿಸಿ, ದುಂಡಗೆ ಕೊಯ್ದು, ತೂತಿಗೆ ಅದೇ ಮರದ ಬಿರಡೆ ಬಡಿದು, ಕಪ್ಪು ಕಲೆಯಿರುವ ಮುಖವನ್ನು ಅಡಿಗೆ ಹಾಕಿದ್ದ. ಮೇಲ್ಮುಖ ಜೇನಿನ ಬಣ್ಣಕ್ಕೆ ಬಂದಿತ್ತು. ಅವನು ಮಾಡಿದ ಮೇಜುಗಳಲ್ಲಿ ಅಷ್ಟು ಚೆಂದದ್ದನ್ನು ನಾನು ಕಂಡಿರಲಿಲ್ಲ. ಹಾಗೆಂದೆ. ಅವನು ಅಗಸೆ ಎಣ್ಣೆಯ ಬಟ್ಟೆಯನ್ನು ಹಿಂಡುತ್ತಾ, ಕಳ್ಳನ ಕೈಗೆ ಕೆಲಸ ಚೆನ್ನಾಗಿ ಬರುತ್ತದೆ ಎಂದ.

ಶನಿವಾರ ತೊದೋಸಿಯಾಳ ಅಂಗಳದಲ್ಲಿ ಊರಿನ ಮುಕ್ಕಾಲು ಪಾಲು ನೆರೆದಿತ್ತು. ಎಲೆಕೋಸಿನ ಸುರುಳಿ ಬೇಯುವ ವಾಸನೆ, ಪ್ಲಮ್ ಸಾರಾಯಿಯ ಪುಟ್ಟ ಲೋಟಗಳು, ತನ್ನ ಶ್ರಾದ್ಧಕ್ಕೆ ತಾನೇ ಅಡುಗೆ ಬಡಿಸುತ್ತ ಓಡಾಡುವ ಮುದುಕಿ. ಬದುಕಿರುವವರ ತಿಥಿಯಲ್ಲಿ ಜನ ಚೆನ್ನಾಗಿ ಉಣ್ಣುತ್ತಾರೆ, ಅಳಬೇಕಾದ ಕಷ್ಟವಿಲ್ಲ. ಮೇಜನ್ನು ತೆಗೆದುಕೊಳ್ಳಬೇಕಾದವಳು ಪಕ್ಕದ ಮನೆಯ ಫ್ಲೊವಾರೆ. ಹೊಸ ತಲೆವಸ್ತ್ರ ಕಟ್ಟಿ, ಬಹುಮಾನ ಪಡೆಯುವವಳ ಹಾಗೆ ಕೂತಿದ್ದಳು.

ಗವ್ರಿಲಾ ಮೇಜನ್ನು ತಂದು ಸೇಬಿನ ಮರದ ಕೆಳಗೆ ಇಟ್ಟ. ತೊದೋಸಿಯಾ ಕೈ ಒರೆಸಿಕೊಂಡು ಬಂದಳು. ಅಂಗೈಯನ್ನು ಮೇಲ್ಮುಖದ ಮೇಲೆ ಒಂದು ಸುತ್ತು ಆಡಿಸಿದಳು. ಬಗ್ಗಿ ಎಳೆಗಳನ್ನು ನೋಡಿದಳು. ಆಮೇಲೆ ಗೆಣ್ಣಿನಿಂದ ಎರಡು ಬಾರಿ ಬಡಿದು ಕಿವಿಗೊಟ್ಟಳು. ಗವ್ರಿಲಾ ನನ್ನ ಕಡೆ ನೋಡಲಿಲ್ಲ. ನಾನು ಹೆಸರಿನ ಚೀಟಿಯನ್ನು ಓದುವವನ ಹಾಗೆ ನಟಿಸಿದೆ. ಅದರಲ್ಲಿದ್ದದ್ದು ಒಂದೇ ಹೆಸರು.

"ದನಿ ಅದೇ," ಎಂದಳು.

ಗವ್ರಿಲಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವಳು ಬಟ್ಟೆ ಹಾಸಿ ತಟ್ಟೆ ಇಟ್ಟಳು, ತುಂಬ ಸಾರು ಬಡಿಸಿದಳು, ಚಮಚ, ಲೋಟ, ಹೆಣೆದ ಬ್ರೆಡ್ಡು ಇಟ್ಟಳು, ಬ್ರೆಡ್ಡಿನ ನಡುವೆ ಬತ್ತಿ ಚುಚ್ಚಿ ಹಚ್ಚಿದಳು. ಪಾದ್ರಿಗಳು ಧೂಪ ಹಾಕಿದರು. ನಾನು ಹಾಡಿದೆ, ಆವತ್ತು ನನ್ನ ಕಂಠ ಮೇಲೆ ಏರಲೇ ಇಲ್ಲ. ಇನ್ನು ಉಳಿದದ್ದು ಮೂರು ಕೆಲಸ. ಕೊಡುವವರು ತುಂಬಿದ ಮೇಜನ್ನು ಸ್ವಂತ ಕೈಯಿಂದ ಎತ್ತಬೇಕು, ನಾನು ಹೆಸರು ಓದಬೇಕು, ಆಮೇಲೆ ಮೇಜು ಕೈ ದಾಟಬೇಕು. ದಾಟಿದ ಮೇಲೆ ಅದು ಆ ಹೆಸರಿನವರದ್ದು, ಪಾದ್ರಿಯಿಂದಲೂ ಬದಲಿಸಲಾಗದು.

ಎಂಬತ್ತೊಂದು ವರ್ಷದವಳು ಎತ್ತಬೇಕು. ಫ್ಲೊವಾರೆ ಸಹಾಯಕ್ಕೆ ಕೈ ಚಾಚಿದಳು. ನಿನ್ನ ಸರದಿ ಆಮೇಲೆ ಎಂದು ಗದರಿಸಿ, ತೊದೋಸಿಯಾ ಮೊಣಕಾಲೂರಿ, ಎರಡೂ ಕೈಯನ್ನು ಹಲಗೆಯ ಅಡಿಗೆ ತೂರಿಸಿ, ಎದ್ದಳು.

ಎದ್ದವಳು ಹಾಗೇ ನಿಂತಳು.

ಮೊದಲು ಭಾರಕ್ಕೆ ಎಂದುಕೊಂಡೆ. ಆಮೇಲೆ ಅವಳ ಬಲಗೈ ಕಂಡಿತು. ಹಲಗೆಯ ಅಂಚಿನಿಂದ ಒಳಗೆ, ಮಣಿಕಟ್ಟಿನ ತನಕ ಅಡಿಯಲ್ಲಿ ಸೇರಿತ್ತು, ತೋಳಿನ ನರ ಮೆಲ್ಲಗೆ ಆಡುತ್ತಿತ್ತು. ಬೆರಳು ಏನನ್ನೋ ಸುತ್ತಿ ಸುತ್ತಿ ಬರುತ್ತಿತ್ತು. ಹೆಬ್ಬೆರಳು ದಪ್ಪದ ಬಿರಡೆ. ಎಷ್ಟು ಉಜ್ಜಿದರೂ ಅಡ್ಡ ಕೊಯ್ದ ಮರ ಕೈಗೆ ಬೇರೆಯಾಗಿಯೇ ಸಿಗುತ್ತದೆ. ಅವಳ ಮನೆಯ ತೊಲೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

ತಟ್ಟೆಯ ಸಾರು ಅಂಚಿಗೆ ಬಂದು ಹಿಂದೆ ಸರಿಯಿತು. ಬತ್ತಿಯ ಮೇಣ ಬ್ರೆಡ್ಡಿನ ಮೇಲೆ ಇಳಿಯಿತು. ಅವಳು ಗವ್ರಿಲಾನನ್ನು ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ. ಅಷ್ಟು ಸಾಕಾಯಿತು ಅವಳಿಗೆ. ಆಮೇಲೆ ನನ್ನನ್ನು ನೋಡಿದಳು. ನಾನೂ ನೆಲ ನೋಡಿದೆನೆಂದು ಕಾಣುತ್ತದೆ, ಯಾಕೆಂದರೆ ಅಲ್ಲಿ ಒಂದು ಇರುವೆ ಬ್ರೆಡ್ಡಿನ ಚೂರು ಹೊತ್ತು ಹೋಗುತ್ತಿದ್ದುದು ನನಗೆ ಇವತ್ತಿಗೂ ನೆನಪಿದೆ. ಇನ್ನೆರಡು ಮನೆಗೆ ಹೋಗಬೇಕಿದ್ದ ಪಾದ್ರಿಗಳು ಹೆಸರು ಓದು ಎಂದು ಸನ್ನೆ ಮಾಡಿದರು.

ಅವಳು ಕೈ ಬಿಟ್ಟರೆ ಮೇಜು ಬೀಳುತ್ತಿತ್ತು, ಸಾರು ಚೆಲ್ಲುತ್ತಿತ್ತು, ಗವ್ರಿಲಾ ಈ ಕಣಿವೆಯಲ್ಲಿ ಇನ್ನೊಂದು ಮನೆ ಕೊಳ್ಳಲು ಆಗುತ್ತಿರಲಿಲ್ಲ. ಬಿಡದೆ ದಾಟಿಸಿದರೆ ಅವಳು ಶಾಶ್ವತವಾಗಿ ಪಲಾಗಾಳ ತೊಟ್ಟಿಲ ತೊಲೆಗೆ ಕೂತು ಉಣ್ಣಬೇಕು. ನಾನು ಚೀಟಿ ಬಿಡಿಸಿದೆ. ತೊದೋಸಿಯಾ ಎಂದು ಬರೆದಿದ್ದ ನನ್ನದೇ ಅಕ್ಷರ ನನಗೆ ಓದಲಾಗಲಿಲ್ಲ.

"ದಿಯಾಕ," ಎಂದಳು. ಅವಳ ತೋಳು ಈಗ ಭುಜದ ತನಕ ನಡುಗುತ್ತಿತ್ತು. "ಅದನ್ನ ಮಡಿಚಿ ಜೇಬಲ್ಲಿ ಇಟ್ಕೋ. ಪಲಾಗಾ ಅಂತ ಓದು."

ಫ್ಲೊವಾರೆ ಪಾದ್ರಿಗಳ ಮುಖ ನೋಡಿದಳು.

"ಆರು ಮಕ್ಕಳು ಹೆತ್ಲು," ಎಂದಳು, ಯಾರನ್ನೂ ನೋಡದೆ. "ಛತ್ರದಲ್ಲಿ ಊಟ ಹಾಕ್ಸಿದ್ರು. ಮೇಜು ಕೊಟ್ಟೋರು ಯಾರು? ನಾಲ್ಕು ವರ್ಷದಿಂದ ನಿಂತ್ಕೊಂಡೇ ಉಣ್ತಿದಾಳೆ. ಮಂಡಿನೋವು ಬೇರೆ ಅವಳಿಗೆ."

ನಾನು ಓದಿದೆ. ಪಲಾಗಾ, ದೇವರ ದಾಸಿ, ಅವಳನ್ನು ದೇವರು ನೆನೆಯಲಿ. ನನ್ನ ದನಿ ಆಗ ಎಲ್ಲಿಂದಲೋ ಮೇಲೆ ಬಂತು. ತೊದೋಸಿಯಾ ಮೇಜನ್ನು ಮುಂದೆ ಚಾಚಿದಳು, ಫ್ಲೊವಾರೆ ತೆಗೆದುಕೊಂಡಳು, ದೇವರು ಅವಳನ್ನು ಮನ್ನಿಸಲಿ ಎಂದಳು. ಯಾರನ್ನು ಎಂಬ ಬಗ್ಗೆ ಅವಳಿಗೆ ಇನ್ನೂ ಸ್ವಲ್ಪ ಗೊಂದಲವಿದ್ದಂತಿತ್ತು, ಆದರೂ ಕೂತು ಸಾರಿಗೆ ಚಮಚ ಹಾಕಿದಳು. ಕೆಲವು ಹೆಂಗಸರು ಅಳಲು ಶುರುಮಾಡಿದರು. ತೊದೋಸಿಯಾ ಅವರ ಕಡೆ ತಿರುಗಿದಳು.

"ಯಾಕೆ ಅಳ್ತೀರಿ? ಅವಳಿಗೆ ಅಂತ ಒಂದು ಕೊಡದಿದ್ರೆ ಸೀದಾ ಬಂದು ನನ್ನ ಮೇಜಿಗೇ ಕೂರ್ತಾಳೆ. ಅವಳ ಬುದ್ಧಿ ನನಗೆ ಗೊತ್ತಿಲ್ವಾ."

ಆಮೇಲೆ ಅವಳು ಗವ್ರಿಲಾನ ಮುಂದೆ ಹೋಗಿ ನಿಂತಳು. ಅವಳ ತಲೆ ಅವನ ಎದೆಯ ಗುಂಡಿಯ ತನಕ ಬರುತ್ತದೆ. ನನ್ನದು ಎಲ್ಲಿ ಎಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ: ಕೋಳಿ, ಶಿಲುಬೆ, ಹೊಸ ಕೊಟ್ಟಿಗೆ, ಲಾರಿ, ಹೋಟೆಲು. ಅವಳು ಕೋಳಿಯ ಮಾತಿಗೆ ತಲೆಯಾಡಿಸಿದಳು. ಅಷ್ಟು ಮಾತ್ರ ಸರಿಯೆಂದು ಅವಳಿಗೂ ಕಂಡಿರಬೇಕು.

"ಹುಡುಕಿ ತಗೊಂಡು ಬಾ," ಎಂದಳು.

"ಬಹಳ ದಿನ ಆಗಬಹುದು, ಲೇಲೆ."

"ಆಗ್ಲಿ. ಮೇಜಿಲ್ದೆ ನಾನು ಹೋಗೋದಿಲ್ಲ."

ಅವನು ಹುಡುಕಿದ. ಅಷ್ಟು ನಿಷ್ಠೆಯಿಂದ ಅವನು ತನ್ನ ಹೆಂಡತಿಯನ್ನೂ ಹುಡುಕಿರಲಿಲ್ಲ ಎಂದು ಅವನ ಹೆಂಡತಿಯೇ ಹೇಳುತ್ತಾಳೆ. ವ್ಯಾಪಾರಿಯ ಬೆನ್ನುಬಿದ್ದು, ಪತ್ರದ ಮೇಲೆ ಪತ್ರ ನನ್ನ ಕೈಯಲ್ಲಿ ಬರೆಸಿ, ಕೊನೆಗೆ ವಿಯೆನ್ನಾದ ಒಂದು ಉಪಾಹಾರ ಮಂದಿರದ ತನಕ ಹೋದ. ಅಲ್ಲಿ ಅವಳ ತೊಲೆ ಹದಿನಾಲ್ಕು ಪುಟ್ಟ ಮೇಜುಗಳಾಗಿತ್ತು. ಒಂದರ ಮೇಲೆ ಅರ್ಧ ಸೂರ್ಯ, ಗ್ರಿಗೊರೆಯ ಹೆಸರಿನ ಬಾಲ, ತೊದೋಸಿಯಾಳ ಹೆಸರು ಪೂರ್ತಿ. ಅದರ ಬದಲಿಗೆ ಮೂರು ಹೊಸ ಮೇಜು ಮಾಡಿಕೊಟ್ಟು ಬಿಡಿಸಿಕೊಂಡ. ಅಷ್ಟಕ್ಕೆ ಐದು ವರ್ಷ ಹಿಡಿಯಿತು.

ಐದು ವರ್ಷದಲ್ಲಿ ತೊದೋಸಿಯಾಳಿಗೆ ಎರಡು ಬಾರಿ ನ್ಯುಮೋನಿಯಾ ಬಂತು. ಒಮ್ಮೆ ಏಣಿಯಿಂದ ಬಿದ್ದಳು. ಪಾದ್ರಿಗಳು ಸಾಯುವವರಿಗೆ ಹಚ್ಚುವ ಎಣ್ಣೆ ಸವರಲು ಹೋದರೆ, ಗವ್ರಿಲಾನನ್ನು ಕೇಳಿ ಬನ್ನಿ ಎಂದು ಕಳಿಸಿದಳು. ಈಗ ಎಂಬತ್ತಾರು.

ಮೇಜು ಬಂದು ಏಳು ತಿಂಗಳಾಯಿತು. ಗವ್ರಿಲಾನ ಕೊಟ್ಟಿಗೆಯಲ್ಲಿ, ಗೋಡೆಯ ಕಡೆ, ತಾಡಪಾಲಿನ ಅಡಿ, ಕೆತ್ತನೆ ಕೆಳಗೆ ಮಾಡಿ, ಕಾಲುಗಳನ್ನು ಮೇಲೆತ್ತಿ ಮಲಗಿದೆ. ಅವನು ಅವಳಿಗೆ ಹೇಳಿಲ್ಲ. ನನಗೆ ಹೇಳಿದ. ನಾನು ಯಾರಿಗೂ ಹೇಳಿಲ್ಲ, ಇದುವರೆಗೆ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಅವಳ ಜೊತೆ ನಾನೂ ಕೊಟ್ಟಿಗೆಗೆ ಹೋದೆ. ಅವಳು ಒಳಗೆ ಹೋಗಿ ಸುತ್ತ ನೋಡಿದಳು. ನಾಲ್ಕು ಮನೆಯ ದಿಮ್ಮಿಗಳ ನಡುವೆ, ಗೋಡೆಯ ಕಡೆ, ಮೂರು ಮೊನೆ ಎದ್ದಿದ್ದ ತಾಡಪಾಲಿನ ಹತ್ತಿರ ನಿಂತು, ಮೇಲಿನಿಂದಲೇ ಗೆಣ್ಣಿನಿಂದ ಎರಡು ಬಾರಿ ಬಡಿದಳು. ಕಿವಿಗೊಟ್ಟಳು. ಬಹಳ ಹೊತ್ತು ಕಿವಿಗೊಟ್ಟಳು.

"ಇನ್ನೂ ಬಂದಿಲ್ಲ ಅನ್ನು," ಎಂದಳು.

ಗವ್ರಿಲಾ ಹತ್ತರಿಯ ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಇಲ್ಲ, ಲೇಲೆ."

"ಅವಸರ ಏನಿಲ್ಲ," ಎಂದು ತಾಡಪಾಲಿನ ಅಂಚನ್ನು ಕಾಲಿನಿಂದ ಒಳಗೆ ಸರಿಸಿದಳು. "ಕೋಳಿ ಹತ್ತದ ಹಾಗೆ ನೋಡ್ಕೋ."